ಉಳಿದ ಬೆಳಕನ್ನು ಕಾಯ್ದ ವೈದ್ಯ ಗ್ರೇಫೆ

ಕಣ್ಣಿಗೆ ಪೊರೆ ಬಂದರೆ ಶಸ್ತ್ರಕ್ರಿಯೆ ಮಾಡಿಸಿದ ಮೇಲೆ ಮತ್ತೆ ಕಾಣುತ್ತದೆಂಬುದು ಇಂದು ಹಳ್ಳಿಯವರಿಗೂ ತಿಳಿದ ವಿಷಯ. ಆದರೆ ಗ್ಲಾಕೋಮಾ ಎಂಬ ರೋಗದ ಸ್ವಭಾವವೇ ಬೇರೆ. ಅದರಲ್ಲಿ ಹೋದ ದೃಷ್ಟಿ ಹೋದದ್ದೇ. ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ ರೆಟಿನಾ ಎಂಬ ತೆಳುಪದರದಲ್ಲಿ, ಕಂಡದ್ದನ್ನು ಮಿದುಳಿಗೆ ಮುಟ್ಟಿಸುವ ನರಕೋಶಗಳು ಸುಮಾರು ಹತ್ತು ಲಕ್ಷದಷ್ಟಿವೆ. ಒಂದೊಂದು ಕೋಶದಿಂದಲೂ ಒಂದೊಂದು ಎಳೆ ಹೊರಟು, ಎಲ್ಲವೂ ಕಣ್ಣಿನ ಹಿಂಭಾಗದಲ್ಲಿ ಒಂದೆಡೆ ಸೇರಿ, ಹಗ್ಗ ಹೊಸೆದಂತೆ ದೃಷ್ಟಿನರವಾಗುತ್ತದೆ. ಗ್ಲಾಕೋಮಾದಲ್ಲಿ ಸಾಯುವುದು ಈ ಕೋಶಗಳೇ. ಸತ್ತ ಕೋಶ ಮತ್ತೆ ಚಿಗುರುವುದಿಲ್ಲ. ಇದ್ದುದನ್ನು ಉಳಿಸಿಕೊಳ್ಳುವುದೊಂದೇ ದಾರಿ. ಆ ದಾರಿಯನ್ನು ಮೊದಲು ತೆರೆದು ತೋರಿಸಿದವನು ಜರ್ಮನಿಯ ವೈದ್ಯ ಆಲ್ಬ್ರೆಷ್ಟ್ ಫಾನ್ ಗ್ರೇಫೆ.

ಗ್ರೇಫೆ ಹುಟ್ಟಿದ್ದು ಬರ್ಲಿನ್ನಿನಲ್ಲಿ, 1828ನೇ ಇಸವಿ ಮೇ 22ರಂದು. ತಂದೆ ಕಾರ್ಲ್ ಫರ್ಡಿನಾಂಡ್ ಹೆಸರಾಂತ ಶಸ್ತ್ರವೈದ್ಯ, ಬರ್ಲಿನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ. ಮಗನಿಗೆ ಹನ್ನೆರಡು ವರ್ಷವಾಗಿದ್ದಾಗಲೇ ಆತ ತೀರಿಕೊಂಡ. ಸಿರಿವಂತಿಕೆಯ ಮನೆ, ಹುಡುಗ ಸುಖವಾಗಿ ಕಾಲ ಕಳೆಯಬಹುದಿತ್ತು. ಆದರೆ ಗಣಿತ, ವಿಜ್ಞಾನಗಳಲ್ಲಿ ಅಸಾಧಾರಣ ಚುರುಕಾಗಿದ್ದ ಈ ಬಾಲಕ ಚಿಕ್ಕ ವಯಸ್ಸಿನಲ್ಲೇ ವಿಶ್ವವಿದ್ಯಾನಿಲಯ ಸೇರಿ, 1847ರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ ವೈದ್ಯ ಪದವಿ ಪಡೆದ.

ಮುಂದೆ ಕೆಲವು ವರ್ಷ ಆತ ವಿದ್ಯೆಯನ್ನರಸಿ ಊರೂರು ತಿರುಗಿದ. ಪ್ರಾಗ್ ನಗರದಲ್ಲಿ ಆರ್ಲ್ಟ್ ಎಂಬ ನೇತ್ರವೈದ್ಯನ ಪರಿಚಯವಾಗಿ, ತನ್ನ ಬದುಕು ಕಣ್ಣಿಗೇ ಮೀಸಲು ಎಂದು ನಿಶ್ಚಯಿಸಿದ. ಪ್ಯಾರಿಸ್, ವಿಯೆನ್ನಾಗಳಲ್ಲಿ ಅನುಭವಿಗಳ ಬಳಿ ನಿಂತು ಕಲಿತ. ಲಂಡನ್ನಿನಲ್ಲಿ ಬೋಮನ್ ಎಂಬ ಶಸ್ತ್ರವೈದ್ಯನೂ ಹಾಲೆಂಡಿನ ಡಾಂಡರ್ಸನೂ ಆತನ ಆಪ್ತರಾದರು. ಈ ಸ್ನೇಹ ಕೊನೆಯವರೆಗೂ ಉಳಿಯಿತು. 1851ರಲ್ಲಿ ಬರ್ಲಿನ್ನಿನಲ್ಲಿ ಸ್ವಂತ ಕಣ್ಣಾಸ್ಪತ್ರೆ ತೆರೆದಾಗ ಆತನಿಗೆ ಇಪ್ಪತ್ತಮೂರು ವರ್ಷ. ಬಡವರಿಗೆ ಅಲ್ಲಿ ಧರ್ಮಾರ್ಥ ಚಿಕಿತ್ಸೆ. ಕೆಲವೇ ವರ್ಷಗಳಲ್ಲಿ ಯುರೋಪಿನ ಮೂಲೆ ಮೂಲೆಯಿಂದ ರೋಗಿಗಳೂ ವಿದ್ಯಾರ್ಥಿಗಳೂ ಅಲ್ಲಿಗೆ ಬರತೊಡಗಿದರು.

ಅದೇ ಕಾಲಕ್ಕೆ ಒಂದು ದೊಡ್ಡ ಸಂಗತಿ ನಡೆಯಿತು. ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ, ಬದುಕಿರುವ ಮನುಷ್ಯನ ಕಣ್ಣಿನ ಒಳಭಾಗವನ್ನು ನೋಡಬಲ್ಲ ಸಲಕರಣೆಯೊಂದನ್ನು ನಿರ್ಮಿಸಿ 1851ರಲ್ಲಿ ಪ್ರಕಟಪಡಿಸಿದ. ಅದರ ಹೆಸರು ಆಫ್ತಾಲ್ಮೋಸ್ಕೋಪ್. ಅಲ್ಲಿಯವರೆಗೆ ಪಾಪೆಯ ಹಿಂದೆ ಏನಿದೆಯೆಂಬುದು ವೈದ್ಯರ ಪಾಲಿಗೆ ಬರೀ ಕತ್ತಲೆ. ಗ್ರೇಫೆ ಆ ಸಲಕರಣೆಯನ್ನು ಕೂಡಲೇ ತರಿಸಿಕೊಂಡು, ಹಗಲಿರುಳೆನ್ನದೆ ರೋಗಿಗಳ ಕಣ್ಣೊಳಗೆ ಇಣುಕತೊಡಗಿದ. ಕಂಡದ್ದನ್ನು ಬರೆದಿಡಲೆಂದು 1854ರಲ್ಲಿ ನೇತ್ರವೈದ್ಯದ ಪತ್ರಿಕೆಯೊಂದನ್ನು ಹೊರಡಿಸಿದ. ಮರುವರ್ಷ ಆರ್ಲ್ಟ್ ಮತ್ತು ಡಾಂಡರ್ಸ್ ಅದರ ಸಂಪಾದಕತ್ವದಲ್ಲಿ ಜೊತೆಗೂಡಿದರು. ಆ ಪತ್ರಿಕೆ ಇಂದಿಗೂ ಗ್ರೇಫೆಯ ಹೆಸರಿನಲ್ಲೇ ನಡೆದುಬರುತ್ತಿದೆ.

ಈ ಪತ್ರಿಕೆಯ ಮೊದಲ ಸಂಪುಟದಲ್ಲೇ ಆತನಿಂದ ಒಂದು ತಪ್ಪಾಯಿತು. ಗ್ಲಾಕೋಮಾ ರೋಗಿಗಳ ದೃಷ್ಟಿನರದ ತಲೆ ಉಬ್ಬಿಕೊಂಡಿರುತ್ತದೆ ಎಂದು ಆತ ಬರೆದ. ಒಂದೇ ಕಣ್ಣಿಟ್ಟು ನೋಡುವ ಆ ಸಲಕರಣೆಯಲ್ಲಿ ಉಬ್ಬು ಯಾವುದು, ತಗ್ಗು ಯಾವುದು ಎಂದು ತಿಳಿಯುವುದು ಸುಲಭವಲ್ಲ. ಇತರರೂ ಹಾಗೆಯೇ ಮೋಸಹೋಗಿದ್ದರು. ಆದರೆ ಬಹುಕಾಲ ಕಳೆಯುವ ಮೊದಲೇ ಗ್ರೇಫೆಗೆ ಸತ್ಯ ಹೊಳೆಯಿತು. ಅದು ಉಬ್ಬಲ್ಲ, ತಗ್ಗು. ಅಲ್ಲಿನ ನರದ ಎಳೆಗಳು ಸವೆದು, ನರದ ತಲೆ ಬಟ್ಟಲಿನಂತೆ ಕುಳಿಬಿದ್ದಿದೆ. ಆತ ಸಂಕೋಚಪಡದೆ ತನ್ನ ಪತ್ರಿಕೆಯಲ್ಲೇ ತಪ್ಪನ್ನು ತಿದ್ದಿ ಬರೆದ. ಗ್ಲಾಕೋಮಾವನ್ನು ಗುರುತಿಸಲು ಇಂದಿನ ವೈದ್ಯರು ಮೊದಲು ನೋಡುವುದು ಇದೇ ಕುಳಿಯನ್ನು. ವಿದ್ಯಾರ್ಥಿಗಳ ತಪ್ಪಿಗೆ ಕೆಂಪು ಗೀಟು ಎಳೆಯುವ ನಮ್ಮಂಥ ಉಪಾಧ್ಯಾಯರು ಈ ಪ್ರಸಂಗವನ್ನು ನೆನಪಿಟ್ಟುಕೊಳ್ಳಬೇಕು.

ಕಾರಣ ತಿಳಿದರೆ ಸಾಲದು, ಪರಿಹಾರ ಬೇಕಲ್ಲವೆ? ಗ್ಲಾಕೋಮಾದ ಒಂದು ಬಗೆಯಲ್ಲಿ ಕಣ್ಣಿನ ಒಳ ಒತ್ತಡ ಹಠಾತ್ತಾಗಿ ಏರಿ, ಕಣ್ಣು ಕಲ್ಲಿನಂತೆ ಗಟ್ಟಿಯಾಗುತ್ತದೆ. ಸಹಿಸಲಾಗದ ನೋವು, ವಾಂತಿ. ಕೆಲವೇ ದಿನಗಳಲ್ಲಿ ಕಣ್ಣು ಹೋಗುವುದೂ ಉಂಟು. ಆ ಕಾಲದಲ್ಲಿ ಇದಕ್ಕೆ ಮದ್ದೇ ಇಲ್ಲವೆಂದು ವೈದ್ಯರು ಕೈಚೆಲ್ಲಿದ್ದರು. ಗ್ರೇಫೆ ಕಣ್ಣಿನ ಮುಂಭಾಗಕ್ಕೆ ಸಣ್ಣ ರಂಧ್ರ ಮಾಡಿ ನೀರು ಇಳಿಸಿ ನೋಡಿದ. ಗುಣ ಕಂಡರೂ ಅದು ತಾತ್ಕಾಲಿಕ. ಬೇರೆ ಕಾಯಿಲೆಗಳಿಗಾಗಿ, ಪಾಪೆಯ ಸುತ್ತಲಿನ ಬಣ್ಣದ ತೆರೆಯ ಒಂದು ತುಣುಕನ್ನು ಕತ್ತರಿಸಿ ತೆಗೆದ ಕಣ್ಣುಗಳು ಮೆತ್ತಗಾಗುವುದನ್ನು ಆತ ಹಿಂದೆಯೇ ಗಮನಿಸಿದ್ದ. ಅದನ್ನೇ ಇಲ್ಲಿಯೂ ಪ್ರಯೋಗಿಸಿದ. ಒತ್ತಡ ಇಳಿಯಿತು, ನೋವು ನಿಂತಿತು, ದೃಷ್ಟಿ ಉಳಿಯಿತು. 1857ರಲ್ಲಿ ಇದನ್ನು ಪ್ರಕಟಿಸಿ, ಅದೇ ವರ್ಷ ಬ್ರಸೆಲ್ಸ್‌ನಲ್ಲಿ ಕೂಡಿದ್ದ ನೇತ್ರವೈದ್ಯರ ಸಮ್ಮೇಳನದಲ್ಲಿ ವಿವರಿಸಿದ. ಈ ಶಸ್ತ್ರಕ್ರಿಯೆ ಒತ್ತಡವನ್ನು ಇಳಿಸುವುದೇಕೆಂಬುದು ಆತನಿಗೇ ಸ್ಪಷ್ಟವಿರಲಿಲ್ಲ. ತೆರೆಯ ಹಿಂದೆ ಕಟ್ಟಿನಿಂತ ದ್ರವಕ್ಕೆ ಮುಂದೆ ಬರಲು ದಾರಿಯಾಗುತ್ತದೆ ಎಂಬ ಕಾರಣ ಆಮೇಲೆ ತಿಳಿದುಬಂತು. ಇಂದು ಅದೇ ದಾರಿಯನ್ನು ಲೇಸರ್ ಕಿರಣದಿಂದ ಕೆಲವೇ ನಿಮಿಷಗಳಲ್ಲಿ ಮಾಡುತ್ತಾರೆ.

ನೋವಿಲ್ಲದೆ ಮೆಲ್ಲನೆ ಬರುವ ಬಗೆಗೆ ಮಾತ್ರ ಈ ಉಪಾಯ ಅಷ್ಟಾಗಿ ಫಲಿಸಲಿಲ್ಲ. ಆ ಕೊರತೆಯನ್ನು ತುಂಬಿಸುವ ಪ್ರಯತ್ನಗಳಲ್ಲಿ ಒಂದು ನಮಗೆ ಹತ್ತಿರದಲ್ಲೇ ನಡೆಯಿತು. 1909ರಲ್ಲಿ ಮದರಾಸಿನ ಸರಕಾರಿ ಕಣ್ಣಾಸ್ಪತ್ರೆಯ ಮುಖ್ಯಸ್ಥನಾಗಿದ್ದ ಎಲಿಯಟ್, ಕಣ್ಣಿನ ಹೊರಗೋಡೆಯಲ್ಲೇ ಪುಟ್ಟ ರಂಧ್ರ ಕೊರೆದು ದ್ರವವನ್ನು ಹೊರಬಿಡುವ ಕ್ರಮವನ್ನು ಬಳಕೆಗೆ ತಂದ. ನಮ್ಮ ಕಾಸರಗೋಡು ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತೆಂಬುದನ್ನು ಇಲ್ಲಿ ನೆನೆಯಬಹುದು.

ಗ್ರೇಫೆಯನ್ನು ಕಾಡಿದ ಇನ್ನೊಂದು ಒಗಟಿತ್ತು. ಕೆಲವರ ಕಣ್ಣು ಮುಟ್ಟಿದರೆ ಗಟ್ಟಿಯಿಲ್ಲ; ಆದರೂ ನರದಲ್ಲಿ ಅದೇ ಕುಳಿ, ಅದೇ ದೃಷ್ಟಿನಾಶ. ಆತ ಮೊದಲು ಇದನ್ನು ಬೇರೆಯೇ ರೋಗವೆಂದು ಎಣಿಸಿದ. ಡಾಂಡರ್ಸ್ ಇದೂ ಗ್ಲಾಕೋಮಾವೇ ಎಂದಾಗ, ಕೆಲವು ವರ್ಷಗಳ ಬಳಿಕ ಆ ಅಭಿಪ್ರಾಯವನ್ನು ಒಪ್ಪಿಕೊಂಡ. ಒತ್ತಡ ಹೆಚ್ಚಿಲ್ಲದಿದ್ದರೂ ನರಕೋಶಗಳು ಸಾಯುವುದೇಕೆ ಎಂಬ ಪ್ರಶ್ನೆ ಇಂದಿಗೂ ಪೂರ್ತಿ ಬಿಡಿಸಲ್ಪಟ್ಟಿಲ್ಲ. ಅಂಥವರಲ್ಲೂ ಒತ್ತಡವನ್ನು ಶೇಕಡಾ 30ರಷ್ಟು ಇಳಿಸಿದರೆ ರೋಗದ ಓಟ ನಿಧಾನವಾಗುತ್ತದೆಂದು 1998ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ನರಕೋಶಗಳನ್ನೇ ನೇರವಾಗಿ ರಕ್ಷಿಸುವ ಮದ್ದಿಗಾಗಿಯೂ ಹುಡುಕಾಟ ನಡೆದಿದೆ. ಮರೆಗುಳಿ ರೋಗಕ್ಕೆ ಕೊಡುವ ಮೆಮಾಂಟಿನ್ ಎಂಬ ಔಷಧದ ಮೇಲೆ ಬಹಳ ನಿರೀಕ್ಷೆಯಿತ್ತು. ಅದು ಪ್ರಯೋಜನಕ್ಕೆ ಬರಲಿಲ್ಲವೆಂದು 2018ರಲ್ಲಿ ಪ್ರಕಟವಾಯಿತು. ಬಿ3 ಜೀವಸತ್ವದ ಒಂದು ರೂಪ ಇಲಿಗಳ ನರಕೋಶಗಳನ್ನು ಕಾಪಾಡಿತೆಂದು 2017ರಲ್ಲಿ ತಿಳಿದುಬಂದು, ಮನುಷ್ಯರಲ್ಲಿ ಪರೀಕ್ಷೆಗಳು ಆರಂಭವಾಗಿವೆ. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವ ಖಚಿತವಾದ ಉಪಾಯ ಗ್ರೇಫೆ ತೋರಿದ್ದೇ: ಒತ್ತಡವನ್ನು ಇಳಿಸುವುದು.

ಇತರರ ಕಣ್ಣಿನ ಬೆಳಕನ್ನು ಕಾಯ್ದ ಈತನ ಬದುಕಿನ ದೀಪ ಬೇಗನೆ ಆರಿತು. 1861ರಲ್ಲಿ ಎದೆಯ ಕಾಯಿಲೆ ಹಿಡಿಯಿತು; ಅದು ಕ್ಷಯ. ಮರುವರ್ಷ ಡೆನ್ಮಾರ್ಕಿನ ಆನ್ನಾ ಎಂಬ ಕನ್ಯೆಯನ್ನು ವಿವಾಹವಾದ. ಮಕ್ಕಳಾದರು, 1866ರಲ್ಲಿ ಪೂರ್ಣ ಪ್ರಾಧ್ಯಾಪಕ ಪದವಿಯೂ ಬಂತು. ದೇಹ ಸೋಲುತ್ತಿದ್ದರೂ ಕೆಲಸ ನಿಲ್ಲಲಿಲ್ಲ. ಪೊರೆ ತೆಗೆಯಲು ಆತ ರೂಪಿಸಿದ ಸಪೂರದ ಚಾಕು ಜಗತ್ತಿನ ಕಣ್ಣಾಸ್ಪತ್ರೆಗಳಲ್ಲೆಲ್ಲ ಬಹುಕಾಲ ಬಳಕೆಯಲ್ಲಿತ್ತು. 1870ರ ಜುಲೈ 20ರಂದು, ಫ್ರಾನ್ಸ್ ಮತ್ತು ಪ್ರಷ್ಯಗಳ ನಡುವೆ ಯುದ್ಧ ಘೋಷಣೆಯಾದ ಮರುದಿನ, ನಲ್ವತ್ತೆರಡರ ಹರೆಯದಲ್ಲಿ ಗ್ರೇಫೆ ಕಣ್ಣುಮುಚ್ಚಿದ. ಎರಡು ವರ್ಷದೊಳಗೆ ಪತ್ನಿಯೂ ತೀರಿಕೊಂಡಳು. 1882ರಲ್ಲಿ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ಬಳಿ ಆತನ ಪ್ರತಿಮೆ ನಿಂತಿತು.

ಕಲ್ಲು ಕಂಚುಗಳ ಸ್ಮಾರಕ ಬರ್ಲಿನ್ನಿನಲ್ಲಿರಲಿ. ನಾವು ಸಲ್ಲಿಸಬಹುದಾದ ಗೌರವ ಬೇರೆಯಿದೆ. ಮೆಲ್ಲನೆ ಬರುವ ಗ್ಲಾಕೋಮಾ ನೋವು ಕೊಡುವುದಿಲ್ಲ, ಬದಿಯ ನೋಟವನ್ನು ಸದ್ದಿಲ್ಲದೆ ಕದಿಯುತ್ತದೆ. ಬಾಗಿಲ ದಾರಂದಕ್ಕೆ ಭುಜ ತಾಗುವಾಗ, ಮೆಟ್ಟಿಲು ತಪ್ಪುವಾಗ ವಯಸ್ಸಾಯಿತೆಂದು ಸುಮ್ಮನಿರುವವರು ನಮ್ಮಲ್ಲಿ ಅನೇಕರು. ನಲ್ವತ್ತು ದಾಟಿದವರು, ಅದರಲ್ಲೂ ತಂದೆ ತಾಯಿ ಒಡಹುಟ್ಟಿದವರಲ್ಲಿ ಈ ರೋಗವಿರುವವರು, ಕನ್ನಡಕದ ನಂಬರು ನೋಡಿಸಿ ಮರಳದೆ, ಕಣ್ಣಿನ ಒತ್ತಡವನ್ನೂ ನರವನ್ನೂ ತಜ್ಞರಿಂದ ಪರೀಕ್ಷೆ ಮಾಡಿಸಿಕೊಳ್ಳಬೇಕು. ವೈದ್ಯರು ಹೇಳಿದ ಹನಿಮದ್ದನ್ನು, ಕಣ್ಣು ಸರಿಯಿದೆಯೆಂದು ತೋರಿದರೂ, ತಪ್ಪದೆ ಹಾಕಿಕೊಳ್ಳಬೇಕು. ಹೋದದ್ದು ಬಾರದು, ಉಳಿದದ್ದು ನಮ್ಮದು.