ಶುಂಠಿಗೆ ಹೆಸರಿಟ್ಟ ತರಕಾರಿ ಬೆಳೆಗಾರನ ಮಗ



ನಿಮ್ಮ ಹೊಲದ ಶುಂಠಿ, ಹಿತ್ತಲಿನ ಅರಿಶಿನ, ಮಲೆನಾಡಿನ ತೋಟದ ಏಲಕ್ಕಿ ಈ ಮೂರೂ ಒಂದೇ ಕುಟುಂಬದ ಗಿಡಗಳು. ಎಲೆಯ ಆಕಾರ, ನೆಲದೊಳಗಿನ ಗೆಡ್ಡೆ, ಜಜ್ಜಿದಾಗ ಬರುವ ಘಾಟು ನೋಡಿದರೆ ಇವುಗಳ ನಂಟು ನಿಮಗೇ ತಿಳಿಯುತ್ತದೆ. ಆದರೆ ಯಾವುದು ಯಾವುದಕ್ಕೆ ಹತ್ತಿರ, ಯಾವುದು ದೂರ ಎಂದು ವಿಂಗಡಿಸುವುದು ಅಷ್ಟು ಸುಲಭವಲ್ಲ. ಆ ಕೆಲಸಕ್ಕೆ ತಳಪಾಯ ಹಾಕಿದವರಲ್ಲಿ ಒಬ್ಬರು ಇಂಗ್ಲೆಂಡಿನ ಲಿವರ್‌ಪೂಲ್ ನಗರದ ವಿಲಿಯಂ ರಾಸ್ಕೊ. ಅವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ನಿಮ್ಮ ಹಾಗೆಯೇ ಮಣ್ಣಿನಲ್ಲಿ ಕೈಯಾಡಿಸಿ ಬೆಳೆದವರು.

ರಾಸ್ಕೊ ಹುಟ್ಟಿದ್ದು 1753ರಲ್ಲಿ. ತಂದೆ ತರಕಾರಿ ಬೆಳೆದು ಮಾರುತ್ತಿದ್ದರು, ಜೊತೆಗೆ ಒಂದು ಪಾನಗೃಹವನ್ನೂ ನಡೆಸುತ್ತಿದ್ದರು. ಹನ್ನೆರಡನೆಯ ವಯಸ್ಸಿಗೇ ಹುಡುಗ ಶಾಲೆ ಬಿಟ್ಟ. ತಂದೆಯೊಡನೆ ತೋಟದಲ್ಲಿ ದುಡಿದ. ಆಲೂಗೆಡ್ಡೆಯ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಸಂತೆಗೆ ಒಯ್ದ. ಬಿಡುವು ಸಿಕ್ಕಾಗ ಓದಿದ. ಮುಂದೆ ವಕೀಲರ ಬಳಿ ಕೆಲಸ ಕಲಿತು ತಾನೂ ವಕೀಲನಾದ. ಇಟಲಿಯ ಇತಿಹಾಸ ಕುರಿತು ರಾಸ್ಕೊ ಬರೆದ ಗ್ರಂಥ 1796ರಲ್ಲಿ ಹೊರಬಂದು ಅವರಿಗೆ ದೊಡ್ಡ ಹೆಸರು ತಂದಿತು.

ಆ ಕಾಲದಲ್ಲಿ ಲಿವರ್‌ಪೂಲಿನ ಸಿರಿವಂತಿಕೆಗೆ ಗುಲಾಮರ ವ್ಯಾಪಾರ ಒಂದು ದೊಡ್ಡ ಆಧಾರವಾಗಿತ್ತು. ಆಫ್ರಿಕದ ಜನರನ್ನು ಹಡಗಿನಲ್ಲಿ ತುಂಬಿ ಮಾರುವ ಆ ವ್ಯವಹಾರವನ್ನು ರಾಸ್ಕೊ ಯೌವನದಿಂದಲೇ ವಿರೋಧಿಸಿದರು. 1806ರಲ್ಲಿ ಅದೇ ಊರಿನಿಂದ ಪಾರ್ಲಿಮೆಂಟಿಗೆ ಆರಿಸಿಬಂದು, 1807ರಲ್ಲಿ ಆ ವ್ಯಾಪಾರವನ್ನು ನಿಲ್ಲಿಸುವ ಮಸೂದೆಗೆ ಮತ ಹಾಕಿದರು. ಊರಿಗೆ ಮರಳಿದಾಗ ಸಿಟ್ಟಿಗೆದ್ದ ಗುಂಪು ಅವರ ಮೆರವಣಿಗೆಯ ಮೇಲೆ ಬಿತ್ತು. ಮತ್ತೆ ಅವರು ಪಾರ್ಲಿಮೆಂಟಿಗೆ ಹೋಗಲಿಲ್ಲ.

ಅದೇ 1807ರಲ್ಲಿ ಶುಂಠಿ ಕುಟುಂಬವನ್ನು ಕುರಿತ ಅವರ ಲೇಖನವೂ ಅಚ್ಚಾಯಿತು. ಅದಕ್ಕೂ ಕೆಲವು ವರ್ಷ ಮೊದಲೇ ಅವರು ಸ್ನೇಹಿತರೊಡನೆ ಸೇರಿ ಲಿವರ್‌ಪೂಲಿನಲ್ಲಿ ಸಸ್ಯೋದ್ಯಾನ ಕಟ್ಟಿದ್ದರು. ಅಲ್ಲಿನ ಚಳಿಗೆ ಶುಂಠಿ, ಅರಿಶಿನ ಬದುಕುವುದಿಲ್ಲ. ಗಾಜಿನ ಮನೆಯೊಳಗೆ ಶಾಖ ಕೊಟ್ಟು ಬೆಳೆಸಬೇಕು. ಇಷ್ಟು ಪಾಡು ಏಕೆ ಎಂದು ನೀವು ಕೇಳಬಹುದು. ಈ ಕುಟುಂಬದ ಹೂ ಬಹಳ ಮೃದು, ನೀರಿನಂಶ ಹೆಚ್ಚು. ಕಾಗದದ ನಡುವೆ ಒತ್ತಿ ಒಣಗಿಸಿದರೆ ಆಕಾರವೇ ಕೆಟ್ಟುಹೋಗುತ್ತದೆ. ಗಿಡ ಕಣ್ಣೆದುರು ಹೂ ಬಿಡಬೇಕು, ಆಗಲೇ ನೋಡಬೇಕು.

ಅಲ್ಲಿಯವರೆಗೆ ಲಿನೇಯಸ್ ಎಂಬ ಮಹಾ ಸಸ್ಯಶಾಸ್ತ್ರಜ್ಞರು ಶುಂಠಿ, ಏಲಕ್ಕಿ ಎರಡನ್ನೂ ಒಂದೇ ಜಾತಿಗೆ ಸೇರಿಸಿದ್ದರು. ರಾಸ್ಕೊ ಹೂವಿನ ಕೇಸರವನ್ನು ಹಿಡಿದು ಹೊರಟರು. ಈ ಕುಟುಂಬದ ಹೂವಿನಲ್ಲಿ ಪರಾಗ ಕೊಡುವ ಕೇಸರ ಒಂದೇ ಒಂದು. ಆ ಒಂದರ ರೂಪದಲ್ಲೇ ಭೇದವಿದೆ. ಶುಂಠಿಯ ಕೇಸರದ ತುದಿ ಕೊಂಬಿನಂತೆ ಬಾಗಿ ನೀಳವಾಗಿರುತ್ತದೆ. ಅರಿಶಿನದ ಕೇಸರದ ಬುಡದಲ್ಲಿ ಎರಡು ಸಣ್ಣ ಮುಳ್ಳಿನಂಥ ಚಾಚುಗಳಿರುತ್ತವೆ. ಮುಂದಿನ ಸಲ ಅರಿಶಿನ ಹೂ ಬಿಟ್ಟಾಗ ಒಂದು ಹೂ ಬಿಡಿಸಿ ನೋಡಿ, ನಿಮಗೂ ಕಾಣುತ್ತದೆ. ಶುಂಠಿಗೆ ಶಾಸ್ತ್ರದಲ್ಲಿ ಇಂದಿಗೂ ನಡೆಯುತ್ತಿರುವ ಜಿಂಜಿಬರ್ ಅಫಿಸಿನೇಲ್ ಎಂಬ ಹೆಸರು ರಾಸ್ಕೊ ಅವರು ಆಗ ಇಟ್ಟದ್ದೇ.

ಆಮೇಲೆ ಕಷ್ಟದ ದಿನಗಳು ಬಂದವು. ರಾಸ್ಕೊ ಒಂದು ಬ್ಯಾಂಕಿನ ಪಾಲುದಾರರಾಗಿದ್ದರು. ಚಾಟ್ ಮಾಸ್ ಎಂಬ ಜೌಗು ನೆಲವನ್ನು ಬಸಿದು ಸಾಗುವಳಿಗೆ ತರುವ ಕೆಲಸಕ್ಕೂ ಹಣ ಹಾಕಿದ್ದರು. 1816ರಲ್ಲಿ ಬ್ಯಾಂಕು ಹಣ ಪಾವತಿ ನಿಲ್ಲಿಸಿತು. ಸಾಲ ತೀರಿಸಲು ಅವರು ತಮ್ಮ ಪುಸ್ತಕ, ಚಿತ್ರಗಳನ್ನು ಹರಾಜಿಗಿಟ್ಟರು. ಮನೆ, ಜಮೀನೂ ಕೈಬಿಟ್ಟವು. 1820ರಲ್ಲಿ ದಿವಾಳಿಯಾದರು. ಆಗ ಅವರಿಗೆ ಅರವತ್ತೇಳು ವರ್ಷ.

ಅಷ್ಟಾದರೂ ಗಿಡಗಳ ಕೆಲಸ ಬಿಡಲಿಲ್ಲ. ಕಲ್ಕತ್ತದ ಸಸ್ಯೋದ್ಯಾನದಿಂದ ವಾಲಿಚ್ ಎಂಬವರು ಹಡಗಿನಲ್ಲಿ ಗಿಡ ಕಳುಹಿಸುತ್ತಿದ್ದರು. ಲಿವರ್‌ಪೂಲಿನಲ್ಲಿ ಅವು ಹೂ ಬಿಟ್ಟಂತೆ ಚಿತ್ರ ಬರೆಸಲಾಯಿತು. ರಾಸ್ಕೊ ಅವರ ಸೊಸೆಯೂ ಕೆಲವು ಚಿತ್ರ ಬರೆದುಕೊಟ್ಟರು. 1824ರಿಂದ 1828ರವರೆಗೆ ಕಂತುಕಂತಾಗಿ 112 ಬಣ್ಣದ ಚಿತ್ರಗಳ ದೊಡ್ಡ ಗ್ರಂಥ ಹೊರಬಂತು. ಮೂರು ವರ್ಷಗಳ ನಂತರ, 1831ರಲ್ಲಿ, ಅವರು ತೀರಿಕೊಂಡರು. ಶುಂಠಿಯ ಬಳಗಕ್ಕೆ ಸೇರಿದ, ಹಿಮಾಲಯದಲ್ಲಿ ಬೆಳೆಯುವ ಒಂದು ಸುಂದರ ಜಾತಿಗೆ ರಾಸ್ಕೋಯಾ ಎಂಬ ಅವರದೇ ಹೆಸರಿದೆ.

ಗಿಡಗಳು ಕಾಲಕ್ರಮದಲ್ಲಿ ಮಾರ್ಪಡುತ್ತ ಬಂದಿವೆ ಎಂಬ ವಿಕಾಸದ ಮಾತು ರಾಸ್ಕೊ ಅವರ ಕಾಲದಲ್ಲಿ ಬಲಗೊಂಡಿರಲಿಲ್ಲ. ಡಾರ್ವಿನ್ನರ ಗ್ರಂಥ ಬಂದದ್ದು 1859ರಲ್ಲಿ. ಒಂದೇ ಕೇಸರ ಏಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಆ ಮೇಲೆ. ಈ ಗಿಡಗಳ ಪೂರ್ವಜರ ಹೂವಿನಲ್ಲಿ ಹಲವು ಕೇಸರಗಳಿದ್ದವು. ಒಂದು ಮಾತ್ರ ಪರಾಗ ಕೊಡುವ ಕೆಲಸ ಉಳಿಸಿಕೊಂಡಿತು. ಉಳಿದವು ಇಲ್ಲವಾದವು, ಇಲ್ಲವೆ ದಳದ ರೂಪ ತಾಳಿದವು. ಹೂವಿನಲ್ಲಿ ಎದ್ದು ಕಾಣುವ ಅಗಲವಾದ ತುಟಿ ನಿಜವಾದ ದಳವಲ್ಲ, ಕೇಸರಗಳೇ ಕೂಡಿ ಆದದ್ದು. 2002ರಲ್ಲಿ ವಿಜ್ಞಾನಿಗಳು ಗಿಡಗಳ ಡಿ.ಎನ್.ಎ. ಹೋಲಿಸಿ ಇಡೀ ಕುಟುಂಬದ ವಂಶವೃಕ್ಷ ಬರೆದರು. ಹಳೆಯ ಕೆಲವು ಗುಂಪುಗಳು ಅದರಲ್ಲಿ ಒಡೆದುಹೋದವು. ಆದರೆ ಶುಂಠಿ, ಅರಿಶಿನ ಒಂದು ಕವಲಿಗೆ, ಏಲಕ್ಕಿ ಇನ್ನೊಂದು ಕವಲಿಗೆ ಸೇರಿದವು. ಶುಂಠಿಯನ್ನೂ ಏಲಕ್ಕಿಯನ್ನೂ ಬೇರೆ ಮಾಡಿದ್ದು ಸರಿಯೇ ಆಗಿತ್ತು.

ಈ ವಿದ್ಯೆ ಬರಿಯ ಪಂಡಿತರಿಗಷ್ಟೇ ಎಂದು ತಿಳಿಯಬೇಡಿ. ಕಾಂಡ ಕೊರೆಯುವ ಒಂದೇ ಹುಳು ಶುಂಠಿ, ಅರಿಶಿನ, ಏಲಕ್ಕಿ ಮೂರಕ್ಕೂ ಬೀಳುತ್ತದೆ. ಶುಂಠಿಯ ಸುಳಿ ಹಳದಿಯಾಗಿ ಒಣಗಿ, ಕಾಂಡದ ತೂತಿನಿಂದ ಹಿಕ್ಕೆ ಹೊರಬಿದ್ದಿದ್ದರೆ, ಪಕ್ಕದ ಅರಿಶಿನದ ಪಾತಿಯನ್ನೂ ಅಂದೇ ನೋಡಿ. ನಂಟರ ಮನೆಗೆ ಬಂದ ಪೀಡೆ ನಮ್ಮ ಬಾಗಿಲಿಗೂ ಬರಬಹುದು. ಗಿಡದ ಕುಲ ತಿಳಿದವನು ಮುಂಚೆಯೇ ಎಚ್ಚರವಾಗಿರುತ್ತಾನೆ. ಆಲೂಗೆಡ್ಡೆಯ ಬುಟ್ಟಿ ಹೊತ್ತ ಹುಡುಗ ಜೀವಂತ ಹೂವನ್ನು ದಿಟ್ಟಿಸಿ ಕಲಿತದ್ದು ಇನ್ನೂರು ವರ್ಷ ಬಾಳಿದೆ. ನಿಮ್ಮ ಹೊಲದಲ್ಲೂ ಕಲಿಯಬೇಕಾದದ್ದು ನಿಮ್ಮ ಕಣ್ಣೆದುರಿಗೇ ಇದೆ.