ಪಿಯಾನೋ ಬಿಟ್ಟು ಸಿಂಹಾಸನವೇರಿದ ದೊರೆ

ಗೋನೆಗಂಡ್ಲದಲ್ಲಿ ಕುಳಿತು ಕಾಸರಗೋಡಿನ ಕನ್ನಡ ಬಂಧುಗಳಿಗೆ ಮೈಸೂರಿನ ದೊರೆಯೊಬ್ಬರ ಪಿಯಾನೋ ಕಥೆ ಹೇಳಹೊರಟರೆ, ಇದೆಲ್ಲಿಯ ಸಂಬಂಧವೆಂದು ಕೆಲವರಿಗೆ ಅನಿಸಬಹುದು. ಆದರೆ ಸಂಬಂಧವಿದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಅದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮನ್ನೂ ನಿಮ್ಮನ್ನೂ ಗಡಿಯಾಚೆ ನಿಲ್ಲಿಸಿದ ಆ ಎರಡು ದಿನಗಳಲ್ಲಿಯೂ ಮೈಸೂರು ರಾಜ್ಯದ ಮುಖ್ಯಸ್ಥರಾಗಿದ್ದವರು ಶ್ರೀ ಜಯಚಾಮರಾಜ ಒಡೆಯರು. ಮೊದಲು ರಾಜಪ್ರಮುಖರಾಗಿ, ಅನಂತರ ರಾಜ್ಯಪಾಲರಾಗಿ.

ಅವರು ಹುಟ್ಟಿದ್ದು 1919ರ ಜುಲೈ 18ರಂದು, ಮೈಸೂರಿನಲ್ಲಿ. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಸಂಗೀತವೆಂದರೆ ಪ್ರಾಣ. ಅರಮನೆಯಲ್ಲಿ ವೀಣೆಯ ನಾದವೂ ಕೇಳುತ್ತಿತ್ತು, ಪಾಶ್ಚಾತ್ಯ ವಾದ್ಯವೃಂದವೂ ನುಡಿಯುತ್ತಿತ್ತು. ಬಾಲಕ ಜಯಚಾಮರಾಜರ ಬೆರಳು ಮೊದಲು ಒಲಿದದ್ದು ಪಿಯಾನೋ ಮನೆಗಳಿಗೆ. ಓದಿನಲ್ಲಿಯೂ ಅವರು ಹಿಂದೆ ಬೀಳಲಿಲ್ಲ. 1938ರಲ್ಲಿ ಮಹಾರಾಜ ಕಾಲೇಜಿನಿಂದ ಪದವೀಧರರಾದರು. 1939ರಲ್ಲಿ ಯೂರೋಪಿಗೆ ಹೋದಾಗ ರಷ್ಯದ ಮಹಾನ್ ಪಿಯಾನೋ ವಾದಕ ರಾಖ್ಮನಿನೋಫರನ್ನು ಕಂಡರು. ತಾವೂ ಅಂಥ ವೇದಿಕೆಗಳಲ್ಲಿ ಕುಳಿತು ಸಭೆಗೆ ನುಡಿಸಬೇಕೆಂಬುದು ಅವರ ಆಸೆಯಾಗಿತ್ತು.

ಆದರೆ 1940 ಆ ಆಸೆಯನ್ನು ಮುರಿಯಿತು. ಮಾರ್ಚಿಯಲ್ಲಿ ತಂದೆ ತೀರಿಕೊಂಡರು. ಆಗಸ್ಟಿನಲ್ಲಿ ದೊಡ್ಡಪ್ಪನವರೂ ಹೋದರು. ಆರು ತಿಂಗಳೊಳಗೆ ಎರಡು ಸಾವು ಕಂಡ 21ರ ಹರೆಯದ ಯುವಕ, ಸೆಪ್ಟೆಂಬರಿನಲ್ಲಿ ಸಿಂಹಾಸನವೇರಬೇಕಾಯಿತು. ಹೊರಗೆ ಮಹಾಯುದ್ಧ, ಒಳಗೆ ಜವಾಬ್ದಾರಿ ಸರ್ಕಾರಕ್ಕಾಗಿ ಜನರ ಕೂಗು. ಸಭೆಗೆ ನುಡಿಸುವ ಬದುಕು ಅಲ್ಲಿಗೆ ಮುಗಿಯಿತು.

ವಾದಕನ ಬದುಕು ಹೋದರೂ ವಿದ್ಯೆಯನ್ನು ಅವರು ಬಿಡಲಿಲ್ಲ. ಆಳುತ್ತಿರುವಾಗಲೇ, 1945ರಲ್ಲಿ, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. ಅದೇ ವರ್ಷ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೋ ಪದವಿ ನೀಡಿತು. ತಾವು ಏರಲಾಗದ ವೇದಿಕೆಯ ಮೇಲೆ ಇತರರನ್ನು ನಿಲ್ಲಿಸುವ ಕೆಲಸಕ್ಕೂ ಅವರು ಕೈಹಾಕಿದರು.

ಆಗ ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಗಾರರಿದ್ದರು. ತಾಯ್ನಾಡು ಬಿಟ್ಟು ಬಂದವರು. ವಯಸ್ಸಾಗಿತ್ತು, ಹೃದಯದ ಕಾಯಿಲೆಯಿತ್ತು, ಕೈಯಲ್ಲಿ ಹಣವಿರಲಿಲ್ಲ. ಅವರ ರಚನೆಗಳನ್ನು ಅವರ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಲು ನಮ್ಮ ದೊರೆ ಹಣ ಒದಗಿಸಿದರು. ಅವರ ಮೂರು ಪಿಯಾನೋ ಕಂಚೆರ್ಟೊಗಳೂ ಹೀಗೆ ಉಳಿದುಬಂದವು. ಮೆಟ್ನರ್ ತಮ್ಮ ಮೂರನೆಯ ಕಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಅವರು ಕಣ್ಮುಚ್ಚಿದಾಗ ಅವರ ನುಡಿತ ತಟ್ಟೆಗಳಲ್ಲಿ ಭದ್ರವಾಗಿತ್ತು.

ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೂ ಮೈಸೂರಿನಿಂದ ವರ್ಷಕ್ಕೆ 10,000 ಪೌಂಡುಗಳಂತೆ ಮೂರು ವರ್ಷದ ನೆರವು ಸಿಕ್ಕಿತು. ಕಾರಾಯಾನ್‌ರಂಥ ನಿರ್ದೇಶಕರು ಆ ವೃಂದವನ್ನು ನಡೆಸಿ, ಜನ ಹೆಚ್ಚು ಕೇಳದ ಕೃತಿಗಳನ್ನು ಧ್ವನಿಮುದ್ರಿಸಲು ಈ ಹಣ ನೆರವಾಯಿತು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಬಾಳಿನ ಕೊನೆಗೆ ಬರೆದ ನಾಲ್ಕು ಹಾಡುಗಳು ಅವರ ಮರಣಾನಂತರ, 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದವು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶಿಸಿದವರು ಫುರ್ಟ್‌ವೆಂಗ್ಲರ್. ಆ ಕಚೇರಿಯ ಖರ್ಚಿಗೆ ಜಾಮೀನು ನಿಂತವರೂ ನಮ್ಮ ದೊರೆಯೇ. ಅವರು ಮಾತ್ರ ಅಲ್ಲಿರಲಿಲ್ಲ. ಧ್ವನಿಮುದ್ರಣ ಮೈಸೂರಿಗೆ ಬಂತು.

ಇಷ್ಟಾದರೂ ಅವರು ಪಶ್ಚಿಮದ ಸಂಗೀತಕ್ಕೇ ಮಾರುಹೋದವರಲ್ಲ. ಪಟ್ಟವೇರಿದ ಮೇಲೆ ಕರ್ನಾಟಕ ಸಂಗೀತದತ್ತ ತಿರುಗಿದರು. ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು. ಮೈಸೂರು ವಾಸುದೇವಾಚಾರ್ಯರಂಥ ವಿದ್ವಾಂಸರ ಒಡನಾಟ ಇದ್ದೇ ಇತ್ತು. ಶ್ರೀವಿದ್ಯಾ ಅಂಕಿತದಲ್ಲಿ 94 ಸಂಸ್ಕೃತ ಕೃತಿಗಳನ್ನು ರಚಿಸಿದರು. ಪಿಯಾನೋ ಬಲ್ಲ ಕಿವಿ ರಾಗವನ್ನು ಕೆಡಿಸಲಿಲ್ಲ. ಋಗ್ವೇದವನ್ನೂ ಪುರಾಣಗಳನ್ನೂ ಕನ್ನಡ ಅರ್ಥದೊಡನೆ ಅಚ್ಚು ಹಾಕಿಸಿದ ಗ್ರಂಥಮಾಲೆಯೂ ಅವರ ಹೆಸರಿನದೇ.

1947ರ ಆಗಸ್ಟಿನಲ್ಲಿ ಮೈಸೂರನ್ನು ಭಾರತಕ್ಕೆ ಸೇರಿಸಲು ಅವರು ರುಜು ಹಾಕಿದರು. 1964ರವರೆಗೆ ಮೈಸೂರಿನ, ಅನಂತರ 1966ರವರೆಗೆ ಮದ್ರಾಸಿನ ರಾಜ್ಯಪಾಲರಾಗಿದ್ದರು. 1974ರ ಸೆಪ್ಟೆಂಬರ್ 23ರಂದು, 55ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು.

ದೊರೆಗೆ ಖಜಾನೆಯಿತ್ತು, ನಮಗಿಲ್ಲವೆಂದು ಯಾರಾದರೂ ಹೇಳಿದರೆ ನಾವು ಒಪ್ಪುತ್ತೇವೆ. ಆದರೆ ಈ ಬಾಳಿನಲ್ಲಿ ನಮಗೆ ಬೇಕಾದದ್ದು ಖಜಾನೆಯಲ್ಲ. ತೆಲುಗು ಚೆನ್ನಾಗಿ ಕಲಿತರೆ ಕನ್ನಡ ಹೋದೀತೆಂದು ಇಲ್ಲಿ ಕೆಲವು ತಾಯಂದಿರು ಹೆದರುತ್ತಾರೆ; ಕನ್ನಡ ಶಾಲೆಗೆ ಹಾಕಿದರೆ ಮಗು ಹಿಂದೆ ಬಿದ್ದೀತೆಂದು ಕೆಲವು ತಂದೆಯರು ಹಿಂಜರಿಯುತ್ತಾರೆ. ನಿಮ್ಮಲ್ಲಿ ತೆಲುಗಿನ ಜಾಗದಲ್ಲಿ ಮಲೆಯಾಳವಿದೆ, ಅಷ್ಟೆ. ಎರಡು ಸಂಗೀತಗಳನ್ನು ಶ್ರದ್ಧೆಯಿಂದ ಕಲಿತ ಒಬ್ಬ ಮನುಷ್ಯನಲ್ಲಿ ಒಂದು ಇನ್ನೊಂದನ್ನು ನುಂಗಲಿಲ್ಲ. ನಮ್ಮ ಮಕ್ಕಳು ನೆರೆಯ ನುಡಿಯನ್ನು ಧಾರಾಳವಾಗಿ ಕಲಿಯಲಿ. ಮನೆಯಲ್ಲಿ ಮಾತ್ರ ದಿನಕ್ಕೊಂದು ಪುಟ ಕನ್ನಡವನ್ನು ಗಟ್ಟಿಯಾಗಿ ಓದಿಸೋಣ. ಅಭ್ಯಾಸ ತಪ್ಪಿದರೆ ಬೆರಳೂ ಮರೆಯುತ್ತದೆ, ನಾಲಗೆಯೂ ಮರೆಯುತ್ತದೆ.