ಎಂಜಿನಿಯರ್ ಆಗದ ರಾಬರ್ಟ್

ಕಳೆದ ತಿಂಗಳು ಗೆಳೆಯನ ರೆಸ್ಯೂಮೆಗೆ ಫೋಟೊ ಬೇಕಿತ್ತು. ಹಾಸ್ಟೆಲ್ ಹಿಂದಿನ ಹೊಂಗೆ ಮರದಡಿ ನಿಲ್ಲಿಸಿ ಮೊಬೈಲ್‌ನಲ್ಲಿ ಅರವತ್ತು ಫೋಟೊ ಕ್ಲಿಕ್ಕಿಸಿದೆ. ಒಂದರಲ್ಲೂ ಅವನು ಅವನಂತಿರಲಿಲ್ಲ. ಕೈ ಎಲ್ಲಿಡಬೇಕೆಂದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆಗ ನೆನಪಾದವನು ರಾಬರ್ಟ್ ಆ್ಯಡಮ್ಸನ್.

ಆತನ ಬಗ್ಗೆ ನಾನು ಓದಿದ್ದು ಕಾಮಾಲೆಯಾಗಿ ಊರಲ್ಲಿ ಮಲಗಿದ್ದಾಗ. ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ತಪ್ಪಿ ಇಯರ್ ಬ್ಯಾಕ್ ಆಗಿತ್ತು. ಜೊತೆಯವರೆಲ್ಲ ಇಂಟರ್ನ್‌ಶಿಪ್ ಹುಡುಕುತ್ತಿದ್ದರೆ ನಾನು ಗಂಜಿ ಕುಡಿಯುತ್ತಿದ್ದೆ.

ರಾಬರ್ಟ್ ಹುಟ್ಟಿದ್ದು 1821ರಲ್ಲಿ, ಸ್ಕಾಟ್ಲೆಂಡ್‌ನ ಸೇಂಟ್ ಆ್ಯಂಡ್ರೂಸ್ ಬಳಿಯ ರೈತ ಕುಟುಂಬದಲ್ಲಿ. ಎಂಜಿನಿಯರ್ ಆಗುವ ಆಸೆಯಿಂದ ವರ್ಕ್‌ಶಾಪ್‌ಗೆ ಕೆಲಸ ಕಲಿಯಲು ಸೇರಿದ. ಆದರೆ ಆರೋಗ್ಯ ಕೈಕೊಟ್ಟಿತು, ಆ ದಾರಿ ಮುಚ್ಚಿತು. ವೈದ್ಯನಾಗಿದ್ದ ಅಣ್ಣ ಜಾನ್ ತಮ್ಮನಿಗೆ ಕ್ಯಾಲೊಟೈಪ್ ಕಲಿಸಿದ. ಬೆಳ್ಳಿಯ ಲವಣ ಲೇಪಿಸಿದ ಕಾಗದದ ಮೇಲೆ ನೆಗೆಟಿವ್ ಮೂಡಿಸಿ, ಅದರಿಂದ ಬಿಸಿಲಲ್ಲಿ ಪ್ರಿಂಟ್ ತೆಗೆಯುವ ಹೊಸ ವಿಧಾನವದು. ಲೇಪನ ಸ್ವಲ್ಪ ಹೆಚ್ಚುಕಡಿಮೆಯಾದರೂ ಮುಖವೆಲ್ಲ ಕಲೆ. ರಾಬರ್ಟ್‌ನ ಕೈ ಬೇಗ ಪಳಗಿತು.

1843ರಲ್ಲಿ ಆತ ಎಡಿನ್‌ಬರೊದ ಕಾಲ್ಟನ್ ಗುಡ್ಡದ ರಾಕ್ ಹೌಸ್‌ನಲ್ಲಿ ಸ್ಟುಡಿಯೊ ತೆರೆದ. ಅದೇ ಮೇ ತಿಂಗಳಲ್ಲಿ ಸ್ಕಾಟ್ಲೆಂಡ್‌ನ ಚರ್ಚ್ ಒಡೆದು 450ಕ್ಕೂ ಹೆಚ್ಚು ಪಾದ್ರಿಗಳು ಹೊರಬಂದರು. ಅವರನ್ನೆಲ್ಲ ಒಂದೇ ಚಿತ್ರದಲ್ಲಿ ಬಿಡಿಸಲು ಹೊರಟ ಕಲಾವಿದ ಡೇವಿಡ್ ಆಕ್ಟೇವಿಯಸ್ ಹಿಲ್‌ಗೆ ಪ್ರತಿಯೊಬ್ಬರ ಮುಖವೂ ಬೇಕಿತ್ತು. ವಿಜ್ಞಾನಿ ಡೇವಿಡ್ ಬ್ರೂಸ್ಟರ್ ಇಬ್ಬರನ್ನೂ ಸೇರಿಸಿದರು.

ಕ್ಯಾಲೊಟೈಪ್‌ಗೆ ಮನೆಯೊಳಗಿನ ಬೆಳಕು ಸಾಲದು. ಹಾಗಾಗಿ ಕುರ್ಚಿ, ಮೇಜು, ಪರದೆ ಎಲ್ಲವನ್ನೂ ಹೊರಗೆ ಬಿಸಿಲಿಗೆ ತಂದು ಕೋಣೆಯಂತೆ ಜೋಡಿಸುತ್ತಿದ್ದರು. ಒಮ್ಮೊಮ್ಮೆ ಒಂದು ನಿಮಿಷಕ್ಕೂ ಹೆಚ್ಚು ಕದಲದೆ ಕೂರಬೇಕಿತ್ತು. ಅದಕ್ಕೇ ಗಲ್ಲಕ್ಕೆ ಕೈ, ಪುಸ್ತಕದ ಮೇಲೆ ಮೊಣಕೈ, ಕುರ್ಚಿಗೆ ಒರಗಿದ ಬೆನ್ನು. ಇಂದು ನಮಗೆ ಸ್ಟೈಲಾಗಿ ಕಾಣುವ ಆ ಭಂಗಿಗಳು ಅಲುಗಾಡದಿರಲೆಂದು ಕೊಟ್ಟ ಆಸರೆಗಳು! ಪಕ್ಕದ ನ್ಯೂಹೇವನ್‌ನಲ್ಲಿ ಮೀನು ಮಾರುವ ಹೆಂಗಸರನ್ನೂ ಅವರ ಬುಟ್ಟಿಗಳ ಸಮೇತ, ಒಬ್ಬರಿಗೊಬ್ಬರು ಒರಗಿಕೊಂಡಂತೆ ಸೆರೆಹಿಡಿದರು. ಆ ಮುಖಗಳಲ್ಲಿ ನಟನೆಯಿಲ್ಲ.

ನಾಲ್ಕೂವರೆ ವರ್ಷದಲ್ಲಿ ಸುಮಾರು 3000 ಚಿತ್ರಗಳಾದವು. 1848ರ ಜನವರಿಯಲ್ಲಿ ರಾಬರ್ಟ್ ತೀರಿಕೊಂಡ. ವಯಸ್ಸು ಕೇವಲ 26. ಹಿಲ್ ಮುಂದೆ ಬೇರೆಯವರ ಜೊತೆ ಫೋಟೊಗ್ರಫಿಗೆ ಕೈಹಾಕಿದರೂ ಆ ಗುಣಮಟ್ಟ ಮರಳಲಿಲ್ಲ. ಆದರೂ ಬಹುಕಾಲ ರಾಬರ್ಟ್‌ನನ್ನು ಬರೀ ಸಹಾಯಕನೆಂದೇ ಜನ ತಿಳಿದಿದ್ದರು. ಹಿಲ್ ಮಾತ್ರ ಮರೆಯಲಿಲ್ಲ. 1866ರಲ್ಲಿ ಮುಗಿದ ಆ ದೊಡ್ಡ ಚಿತ್ರದಲ್ಲಿ, ಪಾದ್ರಿಗಳ ನಡುವೆ, ಕ್ಯಾಮೆರಾ ಹಿಡಿದ ರಾಬರ್ಟ್ ಇದ್ದಾನೆ.

ಮೊದಲ ಸಲ ಓದಿದಾಗ ಅವನನ್ನು ಸೋತ ಎಂಜಿನಿಯರ್ ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಕೈಗೆ ಸಿಕ್ಕ ಕೆಲಸವನ್ನು ಆತ ಚೊಕ್ಕವಾಗಿ ಮಾಡಿದ, ಅಷ್ಟೆ.

ಅಂದು ಗೆಳೆಯನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ, ಮೊಣಕೈ ತೊಡೆಗೆ ಊರಿಸಿ, ಮನಸ್ಸಿನಲ್ಲೇ ಅರವತ್ತರವರೆಗೆ ಎಣಿಸು ಎಂದೆ. ನಲವತ್ತರ ಹೊತ್ತಿಗೆ ಮುಖದ ಬಿಗಿ ಸಡಿಲವಾಯಿತು. ಒಂದೇ ಕ್ಲಿಕ್. ಅದನ್ನೇ ಅವನು ಇಂಟರ್ನ್‌ಶಿಪ್ ಅರ್ಜಿಗೆ ಹಾಕಿದ.

ನಾನೀಗ ಜೂನಿಯರ್‌ಗಳ ಜೊತೆ ಕ್ಲಾಸಿನಲ್ಲಿ ಕೂರುತ್ತೇನೆ. ಮುಜುಗರ ಪೂರ್ತಿ ಹೋಗಿಲ್ಲ. ಆದರೆ ಕೊನೆಯ ಬೆಂಚು ಬಿಟ್ಟು ಮುಂದೆ ಬಂದಿದ್ದೇನೆ.